ವಾಸವದತ್ತೆಯ ತಲೆನೋವು

ಕನ್ನಡ ನಾಟಕದ ಚರಿತ್ರೆಯನ್ನು ಬರೆಯಹೊರಟವರು ಯಾರೇ ಆಗಲಿ, ಮೊದಲು ಶ್ರೀರಂಗಪಟ್ಟಣದಲ್ಲಿ ಬಂದು ನಿಲ್ಲಬೇಕಾಗುವುದು. ೧೬೭೩ ರಿಂದ ೧೭೦೪ ರವರೆಗೆ ಅಲ್ಲಿ ರಾಜ್ಯವಾಳಿದ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ, ಮಂತ್ರಿಯೂ ಕವಿಯೂ ಆಗಿದ್ದ ತಿರುಮಲಾರ್ಯನ ತಮ್ಮನಾದ ಸಿಂಗರಾರ್ಯನು “ಮಿತ್ರವಿಂದಾಗೋವಿಂದ”ವೆಂಬ ನಾಟಕವನ್ನು ರಚಿಸಿದನು. ಕನ್ನಡದಲ್ಲಿ ದೊರೆತಿರುವ ನಾಟಕಗಳ ಪೈಕಿ ಅದೇ ಎಲ್ಲಕ್ಕಿಂತ ಹಳೆಯದು. ಒಂದು ಕಡೆ ಮೇಲುಕೋಟೆಯನ್ನೂ ಇನ್ನೊಂದು ಕಡೆ ಶ್ರೀರಂಗಪಟ್ಟಣವನ್ನೂ ಇಟ್ಟುಕೊಂಡಿರುವ ದುದ್ದದ ಸೀಮೆಯವರಿಗೆ ಇದು ಮನೆಯ ಮಾತಾಗಿರಬೇಕಾಗಿದ್ದಿತು. ಆಗಿಲ್ಲ. ಪರೀಕ್ಷೆಗೆ ಕುಳಿತುಕೊಳ್ಳುವ ಹುಡುಗರು ಅದು ಕನ್ನಡದ ಮೊದಲನೆಯ ನಾಟಕವೆಂದೂ ಶ್ರೀಹರ್ಷನ “ರತ್ನಾವಳಿ”ಯನ್ನು ಅನುಸರಿಸಿದ್ದೆಂದೂ ಒಂದು ವಾಕ್ಯವನ್ನು ಉರುಹೊಡೆದು ಬರೆಯುತ್ತಾರೆ, ಅಂಕ ಬರುತ್ತದೆ, ನಾಟಕವು ಕಪಾಟಿನಲ್ಲಿಯೇ ಉಳಿಯುತ್ತದೆ.

ಮೂಲವಾದ ರತ್ನಾವಳಿಯ ಗತಿ ಹೀಗಲ್ಲ. ಅದನ್ನು ಓದಿದವರೂ ಪಾಠ ಹೇಳಿದವರೂ ಬೇಕಾದಷ್ಟು ಮಂದಿ ಇದ್ದಾರೆ. ಅದರ ವಿಷಯದಲ್ಲಿ ತಲೆಮಾರಿನಿಂದ ತಲೆಮಾರಿಗೆ ಕೈಬದಲಾಗುತ್ತ ಬಂದಿರುವ ಒಂದು ಅಭಿಪ್ರಾಯವೂ ಇದೆ. ಅದೇನೆಂದರೆ: ಇದು ಹೂವಿನಂಥ ಕೃತಿ, ವಸಂತೋತ್ಸವದ ಓಕುಳಿಯಿಂದ ಆರಂಭವಾಗಿ ಪಾಣಿಗ್ರಹಣದಲ್ಲಿ ಮುಗಿಯುವುದು, ರಾಜನು ಪ್ರೇಮಿಸುತ್ತಾನೆ, ದಾಸಿಯ ವೇಷದಲ್ಲಿರುವ ರಾಜಕುಮಾರಿ ಪ್ರೇಮಿಸುತ್ತಾಳೆ, ನಡುವೆ ಹಿರಿಯ ರಾಣಿ ವಾಸವದತ್ತೆ ಅಸೂಯೆಯಿಂದ ಒಂದಿಷ್ಟು ಅಡ್ಡಿಮಾಡುತ್ತಾಳೆ, ಆ ಅಡ್ಡಿಯಿಂದಲೇ ನಗೆ ಹುಟ್ಟುತ್ತದೆ, ಕೊನೆಗೆ ಅವಳೂ ಸರಿಹೋಗುತ್ತಾಳೆ, ಎಲ್ಲರಿಗೂ ಸುಖ. ಈ ಅಭಿಪ್ರಾಯದಲ್ಲಿ “ಎಲ್ಲರಿಗೂ” ಎಂಬ ಶಬ್ದವೊಂದು ಸುಳ್ಳು. ಆ ಶಬ್ದವನ್ನು ತಿದ್ದಿದರೆ ನಾಟಿಕೆಯೇ ಬೇರೆಯಾಗಿ ಕಾಣುವುದು.

ಕಥೆಯನ್ನು ಬಲ್ಲವರಿಗೂ ಅದನ್ನು ಒಮ್ಮೆ ಜ್ಞಾಪಿಸುವುದು ಅವಶ್ಯ. ಏಕೆಂದರೆ ಬಹುಮಂದಿ ಅದನ್ನು ರಾಜನ ಕಡೆಯಿಂದಲೇ ಕೇಳಿದ್ದಾರೆ. ಕೌಶಾಂಬಿಯ ವತ್ಸರಾಜ ಉದಯನನಿಗೆ ವಾಸವದತ್ತೆ ಪಟ್ಟದರಸಿ. ಸಿಂಹಳದ ರಾಜಪುತ್ರಿ ರತ್ನಾವಳಿಯ ಕೈಹಿಡಿದವನು ಸಾರ್ವಭೌಮನಾಗುವನೆಂದು ಸಿದ್ಧನೊಬ್ಬನು ನುಡಿದುದನ್ನು ಕೇಳಿ, ಮಂತ್ರಿ ಯೌಗಂಧರಾಯಣನು ಅವಳನ್ನು ತನ್ನ ಒಡೆಯನಿಗಾಗಿ ಬೇಡಿಕಳುಹಿಸುತ್ತಾನೆ. ಸಿಂಹಳೇಶ್ವರನಾದ ವಿಕ್ರಮಬಾಹುವು ವಾಸವದತ್ತೆಗೆ ಸೋದರಮಾವ. ಸೋದರಸೊಸೆಯ ಮನಸ್ಸಿಗೆ ನೋವಾಗುವುದೆಂದು ಅವನು ಒಪ್ಪುವುದಿಲ್ಲ. ಇಡಿಯ ಕಥೆಯಲ್ಲಿ ಅವಳ ನೋವನ್ನು ಮುಂಚಿತವಾಗಿ ಲೆಕ್ಕಕ್ಕೆ ತೆಗೆದುಕೊಂಡ ಗಂಡಸು ಅವನೊಬ್ಬನೇ. ಅವನಾದರೋ ರಂಗಕ್ಕೇ ಬರುವುದಿಲ್ಲ. ಆಗ ಮಂತ್ರಿಯು, ಲಾವಾಣಕದಲ್ಲಿ ಬೆಂಕಿಬಿದ್ದು ವಾಸವದತ್ತೆ ತೀರಿಹೋದಳೆಂದು ಸುದ್ದಿ ಹುಟ್ಟಿಸುತ್ತಾನೆ. ಮಾವನು ನಂಬಿ ಮಗಳನ್ನು ಹಡಗಿನಲ್ಲಿ ಕಳುಹಿಸುತ್ತಾನೆ. ಹಡಗು ಒಡೆದು, ಹುಡುಗಿ ಹಲಗೆಯೊಂದನ್ನು ಹಿಡಿದು ಬದುಕಿ, ಕೊರಳಿನ ರತ್ನಮಾಲೆಯಿಂದ ಗುರುತುಸಿಕ್ಕಿ, ಮಂತ್ರಿಯ ಕೈಸೇರುತ್ತಾಳೆ. ಅವನು ಅವಳ ಹೆಸರನ್ನು ಮರೆಸಿ, ಸಾಗರದಲ್ಲಿ ಸಿಕ್ಕಿದವಳಾದ್ದರಿಂದ ಸಾಗರಿಕೆಯೆಂದು ಕರೆದು, ಯಾರನ್ನು ಸತ್ತಳೆಂದು ಸಾರಿದ್ದನೋ ಆ ರಾಣಿಯ ಬಳಿಯಲ್ಲಿಯೇ ಪರಿಚಾರಿಕೆಯಾಗಿ ಇರಿಸುತ್ತಾನೆ.

ವಾಸವದತ್ತೆ ಮಂದಬುದ್ಧಿಯವಳಲ್ಲ. ಹುಡುಗಿಯ ರೂಪವನ್ನು ಕಂಡ ದಿನದಿಂದ ಅವಳನ್ನು ರಾಜನ ಕಣ್ಣಿಗೆ ಬೀಳದಂತೆ ಇಟ್ಟಿರುತ್ತಾಳೆ. ಮದನೋತ್ಸವದ ದಿನ ಅಶೋಕವೃಕ್ಷದ ಕೆಳಗೆ ಮನ್ಮಥನ ಪೂಜೆಗೆ ಸಿದ್ಧಳಾದಾಗ, ಪೂಜಾಸಾಮಗ್ರಿಯನ್ನು ಹಿಡಿದವರ ನಡುವೆ ಸಾಗರಿಕೆಯೂ ಇರುವುದನ್ನು ನೋಡಿ, ಹೋಗಿ ಸಾರಿಕೆಯ ಪಂಜರವನ್ನು ನೋಡಿಕೊಳ್ಳೆಂದು ಹಿಂದಕ್ಕೆ ಕಳುಹಿಸುತ್ತಾಳೆ. ಇಲ್ಲಿ ಪಾಠ ಹೇಳುವವರು ಮುಗುಳ್ನಗುವುದುಂಟು. ರಾಣಿಯ ಜಾಗರೂಕತೆಯೇ ಅವಳಿಗೆ ಮುಳುವಾಯಿತೆಂದು ಅವರ ಸ್ವಾರಸ್ಯ; ಏಕೆಂದರೆ ಆ ಸಾರಿಕೆಯೇ ಮುಂದೆ ಸಖಿಯರ ಮಾತನ್ನು ಕದ್ದು ಕೇಳಿ, ಪಂಜರದಿಂದ ತಪ್ಪಿಸಿಕೊಂಡು, ಅದನ್ನೆಲ್ಲ ರಾಜನ ಕಿವಿಗೆ ಹಾಕುವುದು. ಸ್ವಾರಸ್ಯವೇನೋ ನಿಜ. ಆದರೆ ತನ್ನ ಮನೆಯನ್ನು ಕಾಯುತ್ತಿರುವವಳಿಗೆ ಮನೆಯ ಹಕ್ಕಿಯೂ ಎದುರಾಯಿತಲ್ಲಾ ಎಂದು ಯಾರೂ ನಿಟ್ಟುಸಿರಿಡುವುದಿಲ್ಲ.

ಎರಡನೆಯ ಅಂಕದಲ್ಲಿ ಕದಳೀಗೃಹದ ಚಿತ್ರಫಲಕದ ಪ್ರಸಂಗ. ಸಾಗರಿಕೆಯು ರಾಜನನ್ನು ಬರೆದಿದ್ದಾಳೆ. ಸಖಿ ಸುಸಂಗತೆಯು ಅದರ ಪಕ್ಕದಲ್ಲಿ ಸಾಗರಿಕೆಯನ್ನೇ ಬರೆದಿದ್ದಾಳೆ. ಫಲಕವು ರಾಜನಿಗೆ ಸಿಕ್ಕಿ, ಪ್ರಣಯವು ಕುದುರಿ, ಅಷ್ಟರಲ್ಲಿ ರಾಣಿ ಬರುತ್ತಾಳೆ. ವಿದೂಷಕನ ಕಂಕುಳಿನಿಂದ ಫಲಕವು ಜಾರಿ ಬೀಳುತ್ತದೆ. ಯಾರು ಬರೆದರೆಂದು ಕೇಳಿದರೆ ವಿದೂಷಕನು ಒಂದು ಸುಳ್ಳು ಹೇಳುತ್ತಾನೆ, ರಾಜನು ಇನ್ನೊಂದು ಹೇಳುತ್ತಾನೆ: ಈ ಹೆಂಗಸನ್ನು ಎಂದೂ ಕಂಡೇ ಇಲ್ಲ, ಕಲ್ಪನೆಯಿಂದ ಬರೆದದ್ದು ಎಂದು. ಆಗ ವಾಸವದತ್ತೆ ಕೂಗಾಡುವುದಿಲ್ಲ, ಫಲಕವನ್ನು ಒಡೆಯುವುದಿಲ್ಲ. ಈ ಚಿತ್ರವನ್ನು ನೋಡಿ ನೋಡಿ ತನಗೆ ತಲೆನೋವು ಬಂದಿತೆಂದಷ್ಟೇ ಹೇಳಿ ಹೊರಡುತ್ತಾಳೆ. ರಾಜನು ಸೆರಗನ್ನು ಹಿಡಿದು, ಕೋಪವಿಲ್ಲದಿದ್ದರೆ ಕ್ಷಮಿಸೆಂಬುದು ಸಲ್ಲದು, ಇನ್ನು ಹೀಗೆ ಮಾಡೆನೆಂದರೆ ತಪ್ಪೊಪ್ಪಿಕೊಂಡಂತೆ, ತಪ್ಪಿಲ್ಲವೆಂದರೆ ನೀನು ಸುಳ್ಳೆಂದು ತಿಳಿಯುವೆ ಎಂಬ ಜಾಣತನದ ಮಾತೊಂದನ್ನು ಆಡುತ್ತಾನೆ. ಅವಳು ಹೋದಮೇಲೆ ವಿದೂಷಕನು ಗಂಡಾಂತರ ಕಳೆಯಿತೆಂದು ಹಿಗ್ಗುತ್ತಾನೆ. ಸಭಿಕರು ನಗುವುದು ಇಲ್ಲಿಯೇ.

ಆ ತಲೆನೋವು ನಿಜವಾದದ್ದು. ಕುಲೀನಳಾದ ಹೆಂಗಸು ನಾಲ್ವರೆದುರಿಗೆ ಗಂಡನ ಮಾನವನ್ನೂ ತನ್ನ ಮಾನವನ್ನೂ ಒಟ್ಟಿಗೆ ಕಾಪಾಡಿಕೊಳ್ಳಬೇಕಾದಾಗ ಅವಳಿಗೆ ಉಳಿದಿರುವ ಶಬ್ದ ಅದೊಂದೇ. ಒಳಮನೆಯಲ್ಲಿ ಮುಸುಕುಹಾಕಿ ಮಲಗಿ “ತಲೆನೋವು” ಎಂದು ಹೇಳಿದ ಎಷ್ಟು ಮಂದಿ ಹಿರಿಯ ಹೆಂಡತಿಯರಿಗೆ ಈ ನಾಡಿನ ಮನೆಗಳಲ್ಲಿ ಶುಂಠಿಯ ಪಟ್ಟು ಹಾಕಿ ಸುಮ್ಮನಾಗಿಲ್ಲ! ಹರ್ಷನು ಅರಸನಾಗಿದ್ದವನು, ಅಂತಃಪುರವನ್ನು ಬಲ್ಲವನು. ಆ ಒಂದು ಮಾತನ್ನು ಅವಳ ಬಾಯಲ್ಲಿ ಇಟ್ಟದ್ದಕ್ಕಾಗಿಯೇ ಅವನನ್ನು ಕವಿಯೆನ್ನಬೇಕು. ಅದನ್ನು ಹಾಸ್ಯವೆಂದು ಓದುವವರು ಕವಿಯ ಮೇಲೆ ತಮ್ಮ ಕಿವುಡುತನವನ್ನು ಹೊರಿಸುತ್ತಿದ್ದಾರೆ.

ಮೂರನೆಯ ಅಂಕದ ಅಪಚಾರವು ಇನ್ನೂ ದೊಡ್ಡದು. ಸಾಗರಿಕೆಗೆ ರಾಣಿಯ ಉಡುಗೆಯನ್ನೇ ಉಡಿಸಿ, ರಾಣಿಯೆಂಬ ನೆಪದಿಂದ, ಕತ್ತಲಲ್ಲಿ ರಾಜನ ಬಳಿಗೆ ಕರೆದುತರುವ ಹೂಟ. ಗುಟ್ಟು ಬಯಲಾಗಿ ವಾಸವದತ್ತೆ ತಾನೇ ಬರುತ್ತಾಳೆ. ರಾಜನು ಅವಳನ್ನು ಸಾಗರಿಕೆಯೆಂದೇ ನಂಬಿ, ಹೆಂಡತಿಗೆ ಎಂದೋ ಆಡುವುದನ್ನು ಬಿಟ್ಟಿದ್ದ ಮಾತುಗಳನ್ನೆಲ್ಲ ಆಡುತ್ತಾನೆ. ತನ್ನ ಗಂಡನ ಪ್ರೇಮವಚನವನ್ನು ಇನ್ನೊಬ್ಬಳ ಹೆಸರಿನಲ್ಲಿ ಕೇಳಬೇಕಾದ ಹೆಂಡತಿಗಿಂತ ದೀನಳಾದವಳು ಯಾವ ಕರುಣರಸದ ನಾಟಕದಲ್ಲಿದ್ದಾಳೆ? ಅವಳು ಮುಸುಕು ತೆಗೆದಾಗ ರಾಜನು ಕಾಲಿಗೆ ಬೀಳುತ್ತಾನೆ, ಅವಳು ಹೊರಟುಹೋಗುತ್ತಾಳೆ. ಅತ್ತ ಆ ಬಡ ಹುಡುಗಿ ಸಾಗರಿಕೆ, ಗುಟ್ಟು ರಟ್ಟಾಯಿತೆಂಬ ನಾಚಿಕೆಯಿಂದ ಮಾಧವೀಲತೆಯನ್ನು ಕೊರಳಿಗೆ ಬಿಗಿದುಕೊಂಡು ಸಾಯಹೋಗುತ್ತಾಳೆ. ರಾಜನು ಓಡಿಬಂದು ಬಿಡಿಸುತ್ತಾನೆ, ಆದರೆ ಯಾರೆಂದು ತಿಳಿದು? ಉಡುಗೆಯನ್ನು ನೋಡಿ ವಾಸವದತ್ತೆಯೆಂದು ತಿಳಿದು. ಈ ಪ್ರೇಮಿಗೆ ಹೆಂಡತಿಯು ಪ್ರಿಯೆಯಾಗಿಯೂ ಪ್ರಿಯೆಯು ಹೆಂಡತಿಯಾಗಿಯೂ ಕಾಣುತ್ತಾರೆ, ಸೀರೆಯೊಂದೇ ಸಾಕು. ಇತ್ತ ವಾಸವದತ್ತೆಯೋ, ಕಾಲಿಗೆ ಬಿದ್ದವನನ್ನು ಬಿಟ್ಟುಬಂದೆನಲ್ಲಾ ಎಂದು ತಾನೇ ಪಶ್ಚಾತ್ತಾಪಪಟ್ಟು ಸಮಾಧಾನಮಾಡಲು ಹಿಂತಿರುಗುತ್ತಾಳೆ; ಹಿಂತಿರುಗಿ ನೋಡುವುದೇನು? ಇಬ್ಬರೂ ಒಟ್ಟಿಗಿದ್ದಾರೆ. ಆ ಸಿಟ್ಟಿನಲ್ಲಿ ಅವಳು ಅದೇ ಲತೆಯ ಹಗ್ಗದಿಂದ ವಿದೂಷಕನನ್ನು ಕಟ್ಟಿಸಿ, ಸಾಗರಿಕೆಯನ್ನೂ ಸೆರೆಗೆ ಎಳಸಿಕೊಂಡು ಹೋಗುತ್ತಾಳೆ. ಇದು ಅನ್ಯಾಯವೇ, ನಿರಪರಾಧಿಯಾದ ಹುಡುಗಿಗೆ ಸಂಕೋಲೆ ಹಾಕಿಸಿದ್ದನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಕಟ್ಟಿಹಾಕುವಂತೆ ಮಾಡಿದ ಗಂಡಸರಲ್ಲಿ ಒಬ್ಬನು ಅಂತಃಪುರದಲ್ಲಿ ಬಿಸುಸುಯ್ಯುತ್ತಾನೆ, ಇನ್ನೊಬ್ಬನು ಮಂತ್ರಾಲೋಚನೆಯಲ್ಲಿದ್ದಾನೆ. ಅವರ ಕೈಗೆ ಹಗ್ಗವಿಲ್ಲ.

ನಾಲ್ಕನೆಯ ಅಂಕದಲ್ಲಿ ಐಂದ್ರಜಾಲಿಕನು ಅಂತಃಪುರಕ್ಕೆ ಮಾಯೆಯ ಬೆಂಕಿ ಹಚ್ಚುತ್ತಾನೆ. ಒಳಗೆ ಸಾಗರಿಕೆ ಸಂಕೋಲೆಯಲ್ಲಿದ್ದಾಳೆ, ಕಾಪಾಡಿ ಎಂದು ಮೊದಲು ಕೂಗಿಕೊಳ್ಳುವವಳು ವಾಸವದತ್ತೆಯೇ. ಇದನ್ನು ಮರೆಯಬಾರದು, ಆ ಕೂಗಿಲ್ಲದಿದ್ದರೆ ರಾಜನ ಶೌರ್ಯಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಬೆಂಕಿ ಆರುತ್ತದೆ, ಸಿಂಹಳದ ಮಂತ್ರಿ ವಸುಭೂತಿ ಹುಡುಗಿಯ ಗುರುತು ಹಿಡಿಯುತ್ತಾನೆ, ಯೌಗಂಧರಾಯಣನು ಬಂದು ಎಲ್ಲವನ್ನೂ ಹೇಳುತ್ತಾನೆ. ಒಡೆಯನಿಗೆ ತಿಳಿಸದೆ ಮಾಡಿದೆನೆಂದು ಒಡೆಯನ ಕ್ಷಮೆ ಬೇಡುತ್ತಾನೆ. ಬದುಕಿರುವವಳನ್ನು ಸತ್ತಳೆಂದು ಸಾರಿದ್ದಕ್ಕೆ ಆ ಬದುಕಿರುವವಳ ಕ್ಷಮೆಯನ್ನು ಬೇಡಿದಂತೆ ಕಾಣುವುದಿಲ್ಲ. ಈಕೆ ನಿನಗೆ ತಂಗಿ, ಮುಂದಿನದು ದೇವಿಯ ಚಿತ್ತ, ಎಂದು ಅವಳ ಮುಖವನ್ನು ನೋಡುತ್ತಾನೆ. ರತ್ನಾವಳಿಯನ್ನು ರಾಜನಿಗೆ ಕೊಡೆಂದು ಬಿಚ್ಚಿಯೇ ಹೇಳಬಾರದೆ ಎಂದು ವಾಸವದತ್ತೆ ನಗುನಗುತ್ತ ಕೇಳುತ್ತಾಳೆ. ತನ್ನ ಆಭರಣಗಳನ್ನು ತೆಗೆದು ಅವಳಿಗೆ ತೊಡಿಸಿ, ಕೈಹಿಡಿದು, ಗಂಡನಿಗೆ ಒಪ್ಪಿಸುತ್ತಾಳೆ. ಅನಂತರ ರಾಜನು ತನ್ನ ಲಾಭಗಳನ್ನು ಎಣಿಸುವ ಶ್ಲೋಕವೊಂದಿದೆ. ಸಿಂಹಳೇಶ್ವರನ ಸಂಬಂಧ ದೊರೆಯಿತು, ಸಮುದ್ರವಲಯಿತವಾದ ಭೂಮಿಯನ್ನು ತಂದುಕೊಡುವ ಪ್ರಿಯೆ ದೊರೆತಳು, ತಂಗಿಯನ್ನು ಪಡೆದು ದೇವಿಗೆ ಸಂತೋಷವಾಯಿತು, ಕೋಸಲವನ್ನು ಗೆದ್ದದ್ದಾಯಿತು. ದೇವಿಯ ಸಂತೋಷವು ಎಲ್ಲಿ ಕುಳಿತಿದೆ ನೋಡಬೇಕು: ಹೊಸ ಹೆಂಡತಿಗೂ ಗೆದ್ದ ಸೀಮೆಗೂ ನಡುವೆ, ಜಮಾಖರ್ಚಿನ ಒಂದು ಬಾಬ್ತಾಗಿ.

“ತಂಗಿಯೇ ತಾನೆ!” ಈ ಮಾತಿಗಾಗಿ ಕೌಶಾಂಬಿಗೆ ಹೋಗಬೇಕಾಗಿಲ್ಲ. ಹಿಂದೂ ವಿವಾಹ ಕಾಯಿದೆಯು ೧೯೫೫ ರಲ್ಲಿ ದ್ವಿಪತ್ನೀತ್ವವನ್ನು ನಿಷೇಧಿಸುವುದಕ್ಕೆ ಮೊದಲು, ಮಂಡ್ಯ ಮದ್ದೂರು ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ, ಹೆಂಡತಿಗೆ ಮಕ್ಕಳಾಗಲಿಲ್ಲವೆಂದೋ ಗಂಡುಮಗುವಾಗಲಿಲ್ಲವೆಂದೋ ಎರಡನೆಯವಳನ್ನು ತರುವಾಗ ಹಿರಿಯರು ಆಡುತ್ತಿದ್ದ ಮಾತು ಇದೇ. ಅನೇಕ ವೇಳೆ ಅವಳ ಒಡಹುಟ್ಟಿದ ತಂಗಿಯನ್ನೇ ತರುತ್ತಿದ್ದರು. ಹೊರಗಿನವಳು ಬಂದರೆ ನಿನಗೆ ಕಷ್ಟ, ತಂಗಿಯಾದರೆ ಹೊಂದಿಕೊಂಡು ಹೋಗುತ್ತಾಳೆ, ನೀನೇ ಮುಂದೆ ನಿಂತು ಧಾರೆಯೆರೆಸು ಎಂದು ಅವಳಿಂದಲೇ ಅರಿಶಿನ ಕುಂಕುಮ ಕೊಡಿಸಿ, ಅವಳೇ ಒಪ್ಪಿದಳೆಂದು ಊರಿಗೆ ಸಾರುತ್ತಿದ್ದರು. ಅವಳು ಒಪ್ಪದಿದ್ದರೆ ಹೋಗುವುದೆಲ್ಲಿಗೆಂದು ಯಾರೂ ಕೇಳಲಿಲ್ಲ. ತವರುಮನೆಯೇ ಎರಡನೆಯ ಮಗಳನ್ನು ಕೊಟ್ಟು ಎದುರುಪಕ್ಷಕ್ಕೆ ಸೇರಿದ್ದಿತು. ವಾಸವದತ್ತೆಯ ಸ್ಥಿತಿಯೂ ಅದೇ. (ಸೋದರಮಾವನ ಮಗಳು ಈ ಸೀಮೆಯ ಲೆಕ್ಕದಲ್ಲಿ ಅತ್ತಿಗೆಯೋ ನಾದಿನಿಯೋ ಆಗುವಳೇ ಹೊರತು ತಂಗಿಯಾಗುವುದಿಲ್ಲ. ಆರ್ಯಾವರ್ತದ ಲೆಕ್ಕ ಬೇರೆ; ಇರಲಿ.) ಕಾಯಿದೆಯು ಮದುವೆಯನ್ನು ನಿಲ್ಲಿಸಿತು, ಬಲವಂತದಿಂದ ಪಡೆದ ಒಪ್ಪಿಗೆಯನ್ನು ಒಪ್ಪಿಗೆಯೆಂದು ಕರೆಯುವ ಅಭ್ಯಾಸವನ್ನು ಯಾವ ಕಾಯಿದೆಯೂ ನಿಲ್ಲಿಸಿಲ್ಲ.

ಇಷ್ಟಕ್ಕೂ ಈ ರಾಣಿಗೆ ಇದು ಮೊದಲನೆಯ ಸಲವಲ್ಲ. ಗಣಪತಿ ಶಾಸ್ತ್ರಿಗಳು ೧೯೧೨ ರಲ್ಲಿ ತಿರುವನಂತಪುರದಿಂದ ಪ್ರಕಟಪಡಿಸಿದ ಭಾಸನ “ಸ್ವಪ್ನವಾಸವದತ್ತ”ದಲ್ಲಿ, ರಾಜ್ಯದ ಹಿತಕ್ಕಾಗಿ ತಾನು ಬೆಂದುಹೋದಳೆಂಬ ಸುದ್ದಿಗೆ ಅವಳು ತಾನೇ ಒಪ್ಪಿ, ಮಗಧದ ಪದ್ಮಾವತಿಯ ಆಶ್ರಯದಲ್ಲಿ ಮರೆಯಾಗಿದ್ದು, ಗಂಡನ ಎರಡನೆಯ ಮದುವೆಗೆ ತನ್ನ ಕೈಯಿಂದಲೇ ಹೂಮಾಲೆ ಕಟ್ಟುತ್ತಾಳೆ. ಹರ್ಷನ ಇನ್ನೊಂದು ನಾಟಿಕೆಯಾದ “ಪ್ರಿಯದರ್ಶಿಕಾ”ದಲ್ಲಿ ಅರಣ್ಯಿಕೆಯೆಂಬ ಪರಿಚಾರಿಕೆ, ಅವಳೂ ರಾಜಕುಮಾರಿ, ಅವಳೂ ಕೊನೆಗೆ ರಾಣಿಯ ಕೈಯಿಂದಲೇ ರಾಜನಿಗೆ. ಅಲ್ಲಿಯ ವಿಶೇಷವೆಂದರೆ ನಾಟಕದೊಳಗೊಂದು ನಾಟಕ: ವಾಸವದತ್ತೆಯ ಪಾತ್ರವನ್ನು ಅರಣ್ಯಿಕೆ ಧರಿಸಬೇಕು, ಉದಯನನ ಪಾತ್ರವನ್ನು ಮನೋರಮೆಯೆಂಬ ಸಖಿ ಧರಿಸಬೇಕು, ರಾಜನು ಕಳ್ಳತನದಿಂದ ಆ ಸಖಿಯ ಜಾಗಕ್ಕೆ ತಾನೇ ಬಂದು ತನ್ನ ಪಾತ್ರವನ್ನೇ ಆಡುತ್ತಾನೆ. ರಾಣಿಯು ಕುಳಿತು ನೋಡುತ್ತಿರುವುದು ತನ್ನದೇ ಪ್ರೇಮದ ಹಳೆಯ ಕಥೆಯನ್ನು. ಅದರಲ್ಲಿ ಗಂಡನು ನಿಜ, ತಾನು ವೇಷ. ಹೀಗೆ ಒಬ್ಬಳೇ ಹೆಂಗಸನ್ನು ಮೂರು ನಾಟಕಗಳಲ್ಲಿ ಮೂರು ಸಲ ಒಪ್ಪಿಸಿದ್ದಾರೆ. ಭಾಸನ ನಾಟಕದಲ್ಲಿ ಅವಳನ್ನು ಕೇಳಿಯಾದರೂ ಸುಳ್ಳು ಹೇಳಿದ್ದರು. ರತ್ನಾವಳಿಯ ವೇಳೆಗೆ ಕೇಳುವ ಮರ್ಯಾದೆಯೂ ಹೋಗಿ, ಹಳೆಯ ಸುಳ್ಳನ್ನೇ ಅವಳಿಗೆ ತಿಳಿಯದಂತೆ ಎರಡನೆಯ ಸಲ ಚಲಾವಣೆ ಮಾಡಿದ್ದಾರೆ.

ಇದಕ್ಕೆ ಶಾಸ್ತ್ರಜ್ಞರು ಎತ್ತಬಹುದಾದ ಆಕ್ಷೇಪಣೆಯೊಂದುಂಟು. ನಾಟಿಕೆಯ ನಾಯಕನು ಧೀರಲಲಿತ, ದಕ್ಷಿಣ. ಹೊಸಬಳಲ್ಲಿ ಮನಸ್ಸಿಟ್ಟರೂ ಹಳೆಯವಳಲ್ಲಿ ದಾಕ್ಷಿಣ್ಯ ತಪ್ಪದವನು. ಆದ್ದರಿಂದ ದೋಷವಿಲ್ಲ ಎಂದು. ಒಳ್ಳೆಯದು. ಆದರೆ ಅದೇ ಶಾಸ್ತ್ರವು, ಮರೆಯಲ್ಲಿ ಅಪ್ರಿಯವನ್ನು ಮಾಡುವವನಿಗೆ ಶಠನೆಂದು ಹೆಸರಿಟ್ಟಿದೆ. ಎರಡನೆಯ ಅಂಕದಲ್ಲಿ ಫಲಕದ ವಿಷಯವಾಗಿ ಸುಳ್ಳು ಹೇಳಿದವನೂ ಮೂರನೆಯ ಅಂಕದಲ್ಲಿ ಹೆಂಡತಿಯ ಉಡುಗೆಯನ್ನು ಇನ್ನೊಬ್ಬಳಿಗೆ ಉಡಿಸುವ ಹೂಟಕ್ಕೆ ಕಾದುಕುಳಿತವನೂ ಯಾವ ಲಕ್ಷಣಕ್ಕೆ ಸೇರುವನೆಂಬುದನ್ನು ಅಲಂಕಾರಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಹೇಳಬಲ್ಲನು. ಇನ್ನು ಧನಂಜಯನ “ದಶರೂಪಕ”ವು ನಾಟಿಕೆಯ ಹಿರಿಯ ದೇವಿಯ ಲಕ್ಷಣವನ್ನು ಹೇಗೆ ಹೇಳಿದೆ? 
ಅವಳು ರಾಜವಂಶದವಳಾಗಿರಬೇಕು, ಪ್ರಗಲ್ಭೆಯಾಗಿರಬೇಕು, ಗಂಭೀರೆಯಾಗಿರಬೇಕು, ಮಾನಿನಿಯಾಗಿರಬೇಕು. ನಾಯಕನಿಗೆ ಕಿರಿಯಳೊಡನೆ ಸಮಾಗಮವು ಅವಳ ಅಧೀನವಾಗಿ, ಕಷ್ಟದಿಂದಲೇ ಆಗಬೇಕು. ಅಂದರೆ ನಾಟಿಕೆಯ ಬೀಗದ ಕೈ ಅವಳ ಸೊಂಟದಲ್ಲಿದೆಯೆಂದು ಶಾಸ್ತ್ರಕಾರನೇ ಒಪ್ಪಿದ್ದಾನೆ. ಗಂಭೀರೆ, ಮಾನಿನಿ ಎಂದು ಅವನು ಹೇಳಿದವಳನ್ನು ಗಯ್ಯಾಳಿಯಾಗಿ ಮಾಡಿ ನಗಿಸುವವರು ಶಾಸ್ತ್ರದ ಹೆಸರನ್ನು ಎತ್ತದಿರುವುದೇ ಲೇಸು.

ಆ ಕಾಲದ ಧರ್ಮ ಆ ಕಾಲಕ್ಕೆ, ಬಹುಪತ್ನೀತ್ವವು ಅರಸರಿಗೆ ಸಹಜವಾಗಿದ್ದಾಗ ಇಂದಿನ ಅಳತೆಗೋಲು ಏಕೆ ಎಂಬುದು ಇನ್ನೊಂದು ಆಕ್ಷೇಪಣೆ. ಸಹಜವಾಗಿದ್ದಿತೆಂಬುದು ನಿಜ, ನೋವಾಗುತ್ತಿರಲಿಲ್ಲವೆಂಬುದು ನಿಜವಲ್ಲ. ನೋವೇ ಇಲ್ಲದಿದ್ದರೆ ನಾಲ್ಕು ಅಂಕಗಳ ತೊಡಕು ಎಲ್ಲಿಂದ ಬಂದಿತು? “ಮಾಲವಿಕಾಗ್ನಿಮಿತ್ರ”ವನ್ನು ನೋಡಬಹುದು. ಅಲ್ಲಿ ಹಿರಿಯಳಾದ ಧಾರಿಣಿ ಸಮಾಧಾನಿ. ಅಶೋಕವು ಹೂಬಿಟ್ಟರೆ ಬೇಡಿದ್ದನ್ನು ಕೊಡುವೆನೆಂದ ಮಾತಿಗೆ ಕಟ್ಟುಬಿದ್ದು ಮಾಲವಿಕೆಯನ್ನು ಕೊಡುತ್ತಾಳೆ. ಆದರೆ ನಡುವಿನವಳಾದ ಇರಾವತಿ, ಸೊಂಟದ ಡಾಬನ್ನೇ ಕೈಗೆ ತೆಗೆದುಕೊಂಡು ರಾಜನನ್ನು ಹೊಡೆಯಹೋದವಳು, ಐದನೆಯ ಅಂಕದ ಮಂಗಳಕ್ಕೆ ಬರುವುದೇ ಇಲ್ಲ. ದಾಸಿಯ ಬಾಯಲ್ಲಿ ನಾಲ್ಕು ಮಾತು ಹೇಳಿಕಳುಹಿಸಿ ತನ್ನ ಮನೆಯಲ್ಲೇ ಉಳಿಯುತ್ತಾಳೆ. ಕಾಳಿದಾಸನು ಅವಳನ್ನು ಕರೆತಂದು ನಗಿಸಲಿಲ್ಲ. ಅವನಿಗೆ ಗೊತ್ತಿದ್ದಿತು.

ಈ ನಾಟಕಗಳಲ್ಲಿ ರಾಣಿಯರಿಗೆ ಇನ್ನೊಂದು ಕೊರತೆಯೂ ಇದೆ, ಅದು ಭಾಷೆಯದು. ರಾಜನು ಸಂಸ್ಕೃತದಲ್ಲಿ ಬೇಡಿಕೊಳ್ಳುತ್ತಾನೆ, ರಾಣಿ ಪ್ರಾಕೃತದಲ್ಲಿ ಉತ್ತರ ಕೊಡಬೇಕು. ಮಾಲವಿಕಾಗ್ನಿಮಿತ್ರದ ಪರಿವ್ರಾಜಿಕೆಯಂತೆ ಸಂಸಾರವನ್ನು ಬಿಟ್ಟ ಹೆಂಗಸಿಗೆ ಮಾತ್ರ ಸಂಸ್ಕೃತ. ಸಂಸಾರ ಮಾಡುವವಳಿಗೆ ಇಲ್ಲ. ಪಾಠಶಾಲೆಗಳಲ್ಲಿ ಪ್ರಾಕೃತಭಾಗಕ್ಕೆ ಬಂದ ಕೂಡಲೆ ಛಾಯೆಯನ್ನು ಓದಿ ಮುಂದೆ ಹೋಗುವುದು ರೂಢಿ. ಹಾಗಾಗಿ ವಾಸವದತ್ತೆ ತನ್ನ ಸ್ವಂತ ಧ್ವನಿಯಲ್ಲಿ ಮಾತನಾಡಿದ್ದನ್ನು ಕೇಳಿದ ವಿದ್ವಾಂಸರೇ ಕಡಮೆ. ಕನ್ನಡಕ್ಕೆ ಈ ಭೇದವಿಲ್ಲ. ಸಿಂಗರಾರ್ಯನು ನಾಟಿಕೆಯನ್ನು ಕನ್ನಡಕ್ಕೆ ತಂದುದರಿಂದ ಆದ ಮೊದಲನೆಯ ಉಪಕಾರವೇ ಇದು: ರಾಜನ ಮಾತಿಗೂ ರಾಣಿಯ ಮಾತಿಗೂ ಒಂದೇ ನೆಲ.

ಅವನಿಂದಾದ ಅಪಕಾರವನ್ನೂ ಹೇಳಬೇಕು. ಅವನು ಉದಯನನ ಸ್ಥಾನದಲ್ಲಿ ಶ್ರೀಕೃಷ್ಣನನ್ನೂ ರತ್ನಾವಳಿಯ ಸ್ಥಾನದಲ್ಲಿ ಮಿತ್ರವಿಂದೆಯನ್ನೂ ಇರಿಸಿದನು. ಭಾಗವತದ ದಶಮಸ್ಕಂಧದಲ್ಲಿ ಮಿತ್ರವಿಂದೆಯ ಕಥೆ ಬಹಳ ಚಿಕ್ಕದು. ಅವಂತಿಯ ರಾಜಕುಮಾರಿ, ಕೃಷ್ಣನಿಗೆ ಸೋದರತ್ತೆಯ ಮಗಳು, ಅವನನ್ನೇ ಬಯಸಿದವಳು. ಅಣ್ಣಂದಿರಾದ ವಿಂದಾನುವಿಂದರು ದುರ್ಯೋಧನನ ಪಕ್ಷದವರಾದ್ದರಿಂದ ಸ್ವಯಂವರದಲ್ಲಿ ಅವಳನ್ನು ತಡೆದರು. ಅರಸರೆಲ್ಲರೂ ನೋಡುತ್ತಿದ್ದಂತೆಯೇ ಕೃಷ್ಣನು ಅವಳನ್ನು ಕರೆದೊಯ್ದನು. ಇಲ್ಲಿ ಪ್ರೇಮಕ್ಕೆ ಅಡ್ಡಬಂದವರು ಗಂಡಸರು: ತಂಗಿಯ ಮನಸ್ಸನ್ನು ಕೇಳದೆ ತಮ್ಮ ರಾಜಕಾರಣಕ್ಕೆ ಅವಳನ್ನು ಬಳಸಹೊರಟ ಅಣ್ಣಂದಿರು. ಈ ಕಥೆಯನ್ನು ರತ್ನಾವಳಿಯ ಅಚ್ಚಿಗೆ ಎರೆದ ಕೂಡಲೆ ಆದುದೇನು? ಅಡ್ಡಿಯ ಸ್ಥಾನಕ್ಕೆ ಮತ್ತೆ ಹಿರಿಯ ಹೆಂಡತಿ ಬಂದಳು. ಪುರಾಣದಲ್ಲಿ ಅಣ್ಣಂದಿರ ಮೇಲಿದ್ದ ಅಪರಾಧವು ನಾಟಕದಲ್ಲಿ ಹೆಂಗಸಿನ ತಲೆಗೆ ಕಟ್ಟಿತು. ಅಲ್ಲದೆ ನಾಯಕನು ಭಗವಂತನಾದಮೇಲೆ ಕೇಳುವವರು ಯಾರು? ಅಷ್ಟಮಹಿಷಿಯರ ಹೆಸರು ಪ್ರೇಕ್ಷಕರಿಗೆ ಬಾಯಿಪಾಠ. ಮಿತ್ರವಿಂದೆ ಆ ಎಂಟರಲ್ಲಿ ಒಬ್ಬಳೆಂಬುದು ತೆರೆ ಏಳುವುದಕ್ಕೆ ಮೊದಲೇ ಗೊತ್ತು. ಹಿರಿಯವಳ ಸಂಕಟಕ್ಕೆ ಮನುಷ್ಯನಾದ ಉದಯನನ ಮುಂದೆ ಇದ್ದ ಅಷ್ಟಿಷ್ಟು ಬೆಲೆಯೂ ದೇವರ ಲೀಲೆಯ ಮುಂದೆ ಉಳಿಯಲಿಲ್ಲ.

ಆದರೆ ಅದೇ ಅರಮನೆಯಲ್ಲಿ, ಅದೇ ವರ್ಷಗಳಲ್ಲಿ, ದಾಸಿಯ ವೇಷದ ರಾಜಕುಮಾರಿಯಲ್ಲದೆ ನಿಜವಾದ ದಾಸಿಯೊಬ್ಬಳಿದ್ದಳು. ಯಳಂದೂರಿನವಳು, ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದವಳು, ಹೊನ್ನಮ್ಮ. ಅವಳಿಗೆ ವಿದ್ಯೆ ಹೇಳಿದ ಅಳಸಿಂಗರಾರ್ಯನು ಈ ನಾಟಕಕಾರನಾದ ಸಿಂಗರಾರ್ಯನೇ ಎಂದು ಸಾಹಿತ್ಯಚರಿತ್ರಕಾರರು ಹೇಳುತ್ತಾರೆ. ಗುರುವಿನ ನಾಟಕದ ಪರಿಚಾರಿಕೆಗೆ ಮಾನ ಬರಬೇಕಾದರೆ ಅವಳು ಕೊನೆಗೆ ಅರಸುಮಗಳೆಂದು ತಿಳಿದುಬರಬೇಕು. ಶಿಷ್ಯೆಯು ಯಾರ ಮಗಳೆಂದೂ ತಿಳಿದುಬರಲಿಲ್ಲ. ಸಂಚಿಯ ಹೊನ್ನಮ್ಮನಾಗಿಯೇ ಉಳಿದು “ಹದಿಬದೆಯ ಧರ್ಮ”ವನ್ನು ಸಾಂಗತ್ಯದಲ್ಲಿ ಬರೆದಳು. ಅದರ ಬಹುಭಾಗವು ಪತಿವ್ರತೆಯ ಕರ್ತವ್ಯಗಳ ಬೋಧೆಯೇ. ಅದನ್ನು ಮರೆಮಾಚಿ ಅವಳನ್ನು ಇಂದಿನ ಹೋರಾಟಗಾರ್ತಿಯನ್ನಾಗಿ ಮಾಡುವುದು ಅಪ್ರಾಮಾಣಿಕತೆ. ಆದರೂ ಆ ಬೋಧೆಯ ನಡುವೆಯೇ ಅವಳು ನಿಂತು, ಹೆತ್ತವಳೂ ಸಲಹಿದವಳೂ ಹೆಣ್ಣೇ ಆಗಿರುವಾಗ ಹೆಣ್ಣೆಂದು ಹಳಿಯುವವರಿಗೆ ಕಣ್ಣಿಲ್ಲವೇ ಎಂದು ಕೇಳಿದಳು. ಮಗನೂ ಮಗಳೂ ಸಮವೆಂದಳು. ಗುರುವು ರಾಣಿಯ ಬಾಯಿಗೆ ಕೊಡಬಹುದಾಗಿದ್ದ ಮಾತು ಅದು. ರಾಣಿಯ ಎಲೆಯಡಿಕೆ ಹಿಡಿದವಳ ಬಾಯಿಂದ ಬಂದಿತು.

ಇನ್ನೊಂದು ಪಕ್ಷದವರಿಗೂ ಒಂದು ಮಾತು ಸಲ್ಲುತ್ತದೆ. ಇವೆಲ್ಲವೂ ಅರಸರ ಅಂತಃಪುರದ ಕೊಳೆ, ಓದುವುದೇತಕ್ಕೆ, ಸುಟ್ಟುಬಿಡಿ ಎನ್ನುವ ಉತ್ಸಾಹಿಗಳು ಈಗ ಹೆಚ್ಚಾಗಿದ್ದಾರೆ. ಸುಟ್ಟರೆ ವಾಸವದತ್ತೆಯನ್ನು ಮೂರನೆಯ ಸಲ ಬೆಂಕಿಗೆ ಹಾಕಿದಂತಾಯಿತು. ಅವಳ ತಲೆನೋವನ್ನು ಬರೆದಿಟ್ಟದ್ದೂ ಆ ಪುಸ್ತಕವೇ. ಬಿಟ್ಟವರಿಗೆ ರಾಜನೊಬ್ಬನೇ ಜ್ಞಾಪಕದಲ್ಲಿ ಉಳಿಯುವನು.

ಆದ್ದರಿಂದ ಇದನ್ನು ಆಡಬೇಕು. ಆದರೆ ಹೇಗೆ ಆಡಬೇಕೆಂಬುದೇ ಪ್ರಶ್ನೆ. ಮೈಸೂರು ಸೀಮೆಗೆ ರತ್ನಾವಳಿ ಹೊಸದಲ್ಲ. ಬಸವಪ್ಪ ಶಾಸ್ತ್ರಿಗಳು ಅದನ್ನು ಕನ್ನಡಿಸಿದರು, ಎ. ವಿ. ವರದಾಚಾರ್ಯರು ತಮ್ಮ ನಾಟಕ ಮಂಡಳಿಗೆ ಅದರ ಹೆಸರನ್ನೇ ಇಟ್ಟರು. ಆ ಕಾಲದ ಮಂಡಳಿಗಳಲ್ಲಿ ಸ್ತ್ರೀಪಾತ್ರಗಳನ್ನು ಬಹುವಾಗಿ ಗಂಡಸರೇ ಧರಿಸುತ್ತಿದ್ದರು. ಹೆಂಗಸಿನ ಕೋಪವು ಗಂಡಸಿನ ಗಂಟಲಿನಿಂದ ಬಂದಾಗ ಅದು ನಗೆಯ ಕಡೆಗೆ ಜಾರುವುದು ಸುಲಭ. ಆ ಜಾರಿಕೆ ನಟಿಯರು ಬಂದಮೇಲೂ ನಿಲ್ಲಲಿಲ್ಲ. ಇಂದು ಮಂಡ್ಯದ ಹಳ್ಳಿಗಳಲ್ಲಿ ಹಬ್ಬಕ್ಕೋ ಜಾತ್ರೆಗೋ “ಕುರುಕ್ಷೇತ್ರ”ವನ್ನು ಆಡುವಾಗ, ಕೃಷ್ಣನ ಪಾತ್ರಕ್ಕೂ ದುರ್ಯೋಧನನ ಪಾತ್ರಕ್ಕೂ ಊರಿನ ಗಂಡಸರು ಕೈಯಿಂದ ಹಣ ಕೊಟ್ಟು ಮುಂದೆ ಬರುತ್ತಾರೆ. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ಕಲಿಸುತ್ತಾರೆ. ದ್ರೌಪದಿಗೂ ರುಕ್ಮಿಣಿಗೂ ಹೊರಗಿನಿಂದ ಕಲಾವಿದೆಯರನ್ನು ಹಣಕೊಟ್ಟು ಕರೆಸುತ್ತಾರೆ. ಗಂಡಿನ ಪಾತ್ರವನ್ನು ಕೊಂಡುಕೊಳ್ಳುತ್ತಾರೆ, ಹೆಣ್ಣಿನ ಪಾತ್ರವನ್ನು ಕೂಲಿಗೆ ಹಿಡಿಯುತ್ತಾರೆ. ಹಾಗೆ ಬಂದವಳಿಗೆ ತಾಲೀಮಿನಲ್ಲಿ ಕುಳಿತು ತನ್ನ ಪಾತ್ರದ ಮನಸ್ಸನ್ನು ಕೇಳುವುದಕ್ಕೆ ಹೊತ್ತೆಲ್ಲಿಯದು? ಸವತಿಯರ ಜಗಳವೆಂದರೆ ಸಿಳ್ಳೆ ಬೀಳುತ್ತದೆ; ಸಿಳ್ಳೆ ಬೀಳುವಂತೆ ಆಡಿ ಅವಳು ಮುಂದಿನ ಊರಿಗೆ ಹೋಗುತ್ತಾಳೆ. ದೂರಬೇಕಾದದ್ದು ಅವಳನ್ನಲ್ಲ.

ಮಿತ್ರವಿಂದಾಗೋವಿಂದವನ್ನೋ ಅದರ ಮೂಲವನ್ನೋ ಯಾವ ಕಾಲೇಜಿನವರಾಗಲಿ ಸಂಘದವರಾಗಲಿ ಕೈಗೆತ್ತಿಕೊಂಡರೆ, ಮೊದಲು ಗೊತ್ತುಮಾಡಬೇಕಾದ ಪಾತ್ರ ರಾಜನದಲ್ಲ, ಹಿರಿಯ ದೇವಿಯದು. ಮಂಡಳಿಯಲ್ಲಿರುವ ಅತ್ಯುತ್ತಮ ನಟಿಗೆ ಅದು ಸಲ್ಲಬೇಕು. ಚಿತ್ರಫಲಕವು ಬಿದ್ದಾಗ ವಿದೂಷಕನು ಕುಣಿಯಕೂಡದು. ತಲೆನೋವೆಂಬ ಮಾತಿನ ಅನಂತರ ಒಂದು ಗಳಿಗೆ ರಂಗದಲ್ಲಿ ಯಾರೂ ಮಾತನಾಡಕೂಡದು. ರತ್ನಾವಳಿಯ ಕೊನೆಯಲ್ಲಿ ಆಭರಣಗಳನ್ನು ತೊಡಿಸುವ ಕೆಲಸವನ್ನು, ಹೊತ್ತಾಯಿತು, ಬತ್ತಿ ಮುಗಿಯಿತು ಎಂಬ ನೆಪದಿಂದ ಒಂದು ಸರವನ್ನು ಎಸೆದು ಮುಗಿಸಕೂಡದು. ಕಿವಿಯದು, ಕೊರಳಿನದು, ತೋಳಿನದು, ಒಂದೊಂದನ್ನೂ ಅವಳು ತನ್ನ ಮೈಯಿಂದ ತೆಗೆದು ಇನ್ನೊಬ್ಬಳಿಗೆ ಇಡುವಷ್ಟು ಹೊತ್ತೂ ಪ್ರೇಕ್ಷಕರು ನೋಡಲಿ. ಭರತವಾಕ್ಯವನ್ನು ಹೇಳುವವನು ರಾಜನು. ಅವನು ಹೇಳಿ ಮುಗಿಸುವವರೆಗೆ ದೇವಿಯು ಬರಿಯ ಕೊರಳಿನಲ್ಲಿ ಅವನ ಪಕ್ಕದಲ್ಲಿಯೇ, ದೀಪದ ಬೆಳಕಿನಲ್ಲಿ, ನಿಂತಿರಬೇಕು.